ಬಿ ಸೈಡಿನ ಕೊನೇ ಹಾಡು

ಅಕ್ಟೋಬರ್ 6, ಸೋಮವಾರ

ಕಾಲಿಗೆ ಪ್ಲಾಸ್ಟರ್ ಹಾಕಿ ಹನ್ನೊಂದು ದಿನ ಆಯ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ "ಬಸ್ ನಿಲ್ಲೋತನಕ ಇಳೀಬ್ಯಾಡ್ರೀ" ಅಂತ ಲಕ್ಷ ಸಲ ಕೂಗಿದ ಕಂಡಕ್ಟರ್ ಶಿವಶಂಕರ, ಬೆಟ್ಟದಪುರದಲ್ಲಿ ಬಸ್ ನಿಲ್ಲೋ ಮುಂಚೆ ಇಳಿಯಕ್ಕೆ ಹೋಗಿ ಬಿದ್ದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಡಿಪೋದಿಂದ ನೋಡಕ್ಕೆ ಬಂದೋರೆಲ್ಲ ಇದನ್ನೇ ಹೇಳಿ ನಕ್ಕು, ನಮ್ಮನೆ ಕಾಫಿ ಕುಡಿದು ಹೋದರು. ಇನ್ಮೇಲೆ ದಿನವಿಡೀ ನಿಂತು ಮಾಡೋ ಕೆಲಸ ಕಷ್ಟ ಆಗಬಹುದು ಅಂದಿದ್ದಾರೆ ಡಾಕ್ಟರು. ಬಸ್ಸಿಲ್ಲದ ಕಂಡಕ್ಟರ್ ಯಾವ ಸೀಮೆ ಕಂಡಕ್ಟರ್?

ಶಾಂತಲಾ ಅಂಗನವಾಡಿಗೆ ಹೊರಡೋ ಮುಂಚೆ ಹೋದ ವರ್ಷದ ಖಾಲಿ ಡೈರಿ ತಂದು ತೊಡೆ ಮೇಲೆ ಹಾಕಿದಳು. "ಬೆಳಗಿಂದ ಸಂಜೆ ತನಕ ನನ್ ತಲೆ ತಿನ್ನೋ ಬದ್ಲು ಇದ್ರಲ್ಲಿ ಬರ್ಕಳಿ" ಅಂದಳು. ಒಳ್ಳೇ ಸಲಹೆ. ಅವಳ ಮುಂದೆ ಒಪ್ಪಿಕೊಳ್ಳಲ್ಲ.

ಬರೆಯೋಕೆ ವಿಷಯಾನೂ ಸಿಕ್ತು. ಪಿರಿಯಾಪಟ್ಟಣದಿಂದ ಮಹೇಶ್‌ಕುಮಾರ್ ಫೋನ್ ಮಾಡಿದ್ದ. ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಮೂಟೆ ಲೆಕ್ಕ ಇಡೋನು, ನನ್ನ ಗೆಳೆಯ. "ನವೆಂಬರ್ ಮೂವತ್ತು ಭಾನುವಾರ ನಮ್ಮ ಸಂಘದ ರಾಜ್ಯೋತ್ಸವ ಕಣ್ಲಾ ಶಿವ. ಮುಜಫರ್ ಒಪ್ಪವ್ನೆ."

ನಮ್ಮ ಹುಣಸೂರಿನ ಮುಜಫರ್ ಅಂದ್ರೆ ಈ ನಾಲ್ಕು ತಾಲೂಕಲ್ಲಿ ಗೊತ್ತಿಲ್ಲದೋರು ಇಲ್ಲ. ಆರ್ಕೆಸ್ಟ್ರಾದೋರೆಲ್ಲ ಸಿನಿಮಾ ಹಾಡು ಹಾಡ್ತಿದ್ದ ಕಾಲದಲ್ಲಿ ಬೆನ್ನಿನ ತನಕ ಕೂದಲು ಬಿಟ್ಕೊಂಡು, ಕರೆಂಟ್ ಗಿಟಾರ್ ಹೆಗಲಿಗೆ ಹಾಕ್ಕೊಂಡು, ನಮ್ಮ ಮಾತಲ್ಲೇ ರಾಕ್ ಹಾಡಿದೋನು. 94ರಲ್ಲಿ ಒಂದೇ ಒಂದು ಆಲ್ಬಂ ತಂದ, 'ಕರೆಂಟ್ ಬಂತು' ಅಂತ. ಏಳು ಹಾಡು. ನಾನಾಗ ಹದಿನಾಲ್ಕು ವರ್ಷದೋನು. ಈಗ ಅವನಿಗೆ ಅರವತ್ತಾರು, ಫರ್ನಿಚರ್‌ಗೆ ಪಾಲಿಶ್ ಹೊಡೀತಾನೆ. ವರ್ಷಕ್ಕೆ ಎರಡೋ ಮೂರೋ ಸ್ಟೇಜ್ ಹತ್ತುತಾನೆ, ಎರಡೇ ಹಾಡು ಹಾಡ್ತಾನೆ, ಕೈ ಮುಗಿದು ಇಳೀತಾನೆ. ಅಷ್ಟು ದೂರದಿಂದ ಹೋದ ನಾವು ಇಂಗು ತಿಂದ ಮಂಗನ ಹಾಗೆ ವಾಪಸ್ ಬರಬೇಕು.

ಈ ಸಲ ಬಿಡಲ್ಲ. ಮೊದಲನೇ ಹಾಡಿಂದ ಕೊನೇ ಹಾಡಿನ ತನಕ, ಕ್ಯಾಸೆಟ್ಟಲ್ಲಿ ಇದ್ದ ಹಾಗೇ ಸಾಲಾಗಿ, ಪೂರ್ತಿ ಆಲ್ಬಂ ಹಾಡಿಸಬೇಕು. ನಮ್ಮ ಅಭಿಮಾನಿಗಳ 'ಕರೆಂಟ್ ಬಳಗ' ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇನ್ನೂರ ಹನ್ನೆರಡು ಜನರೂ ಕುಣೀತಿದ್ದಾರೆ.

ಅಕ್ಟೋಬರ್ 9

ಮುಜಫರ್‌ಗೆ ಫೋನ್ ಮಾಡಿದೆ. ಹೆಂಡತಿ ಜೀನತುನ್ನೀಸಾ ಎತ್ತಿದರು. ಫೋನ್ ಸ್ಪೀಕರ್‌ನಲ್ಲೇ ಇತ್ತು ಅನ್ಸುತ್ತೆ, ಹಿಂದಿಂದ ಅವನ ದನಿ ಕೇಳಿಸ್ತು.

"ಎರಡು ಹಾಡು. ಅಷ್ಟೇ ಅನ್ನು."

"ಎರಡು ಹಾಡು ಅಂತೆ" ಅಂದರು ಆಯಮ್ಮ, ನಂಗೆ ಕೇಳಿಸಿಲ್ಲವೇನೋ ಅನ್ನೋ ಹಾಗೆ.

ಸಿಟ್ಟು ನೆತ್ತಿಗೇರ್ತು. ಮೂವತ್ತೊಂದು ವರ್ಷ ಇವನನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ದು ಯಾರು? ನಾವು. ಅಭಿಮಾನಿಗಳು ಇಲ್ಲದಿದ್ರೆ ಇವನ ಗಿಟಾರ್ ಯಾರಿಗೆ ಬೇಕಾಗಿತ್ತು? ಕಾಲು ಬೇರೆ ನೋವು. ಪ್ಲಾಸ್ಟರ್ ಒಳಗೆ ತುರಿಕೆ. ಶಾಂತಲಾಳ ಹೆಣಿಗೆ ಕಡ್ಡಿ ಇಸ್ಕೊಂಡು ಕೆರ್ಕೊಂಡೆ, ಅದಕ್ಕೂ ಬೈಸ್ಕೊಂಡೆ.

ಅಕ್ಟೋಬರ್ 14

ಐಡಿಯಾ ಬಂತು. ಮಲಗಿರೋ ಕಂಡಕ್ಟರ್‌ಗೆ ಕಾಲಿಲ್ಲದಿದ್ರೂ ಬಸ್ಸುಗಳಿಗೆ ಚಕ್ರ ಇದಾವಲ್ಲ.

ನಲವತ್ತು ಪುಟದ ನಾಲ್ಕು ನೋಟ್‌ಬುಕ್ ತರಿಸಿದೆ. ಮೊದಲನೇ ಪುಟದಲ್ಲಿ ದಪ್ಪಕ್ಷರದಲ್ಲಿ 'ಮುಜಫರ್ ಅವರಲ್ಲಿ ವಿನಂತಿ, ಪೂರ್ತಿ ಆಲ್ಬಂ ಹಾಡಿ' ಅಂತ ಬರೆದು, ಕೆಳಗೆ ಏಳೂ ಹಾಡಿನ ಹೆಸರು ಬರೆದೆ. ಪಿರಿಯಾಪಟ್ಟಣದ ಬಸ್ಸಿಗೊಂದು, ಕೆ.ಆರ್. ನಗರದ್ದಕ್ಕೊಂದು, ಎಚ್.ಡಿ. ಕೋಟೆಗೊಂದು, ನಮ್ಮ ಬೆಟ್ಟದಪುರದ ರೂಟಿಗೊಂದು. ಡ್ಯೂಟಿ ಮುಗಿಸೋ ಕಂಡಕ್ಟರ್ ಮುಂದಿನೋನಿಗೆ ಟಿಕೆಟ್ ಮಿಷನ್ನಿನ ಜೊತೆ ನೋಟ್‌ಬುಕ್ಕೂ ಕೊಡಬೇಕು. ಟಿಕೆಟ್ ಹರಿಯುವಾಗ ಒಂದು ಮಾತು: "ಮುಜಫರ್ ಹಾಡು ಗೊತ್ತಾ? ಇಲ್ಲೊಂದು ಸೈನ್ ಹಾಕಿ."

ಡಿಪೋದೋರು ಒಬ್ಬರೂ ಇಲ್ಲ ಅನ್ನಲಿಲ್ಲ. ಸಂಜೆ ಫೋನ್ ಮೇಲೆ ಫೋನ್. ಹಂಪಾಪುರದಲ್ಲಿ ಒಂದು ಮುದುಕಿ ಹೆಬ್ಬೆಟ್ಟು ಒತ್ತಿ, ಎರಡನೇ ಹಾಡಿನ ಪಲ್ಲವಿ ಹೇಳಿ ಇಳಿದಳಂತೆ.

ಅಕ್ಟೋಬರ್ 27

ಸಾವಿರದ ನಾನೂರು ದಾಟಿತು. ಕೆ.ಆರ್. ನಗರದ ನೋಟ್‌ಬುಕ್ ತುಂಬಿ ಇನ್ನೊಂದು ಕಳಿಸಿದೆ.

ನವೆಂಬರ್ 2, ಭಾನುವಾರ

ಇವತ್ತಿನದು ನಿಧಾನಕ್ಕೆ ಬರೀಬೇಕು. ಇನ್ನೂ ತಲೆ ಗಿಮ್ ಅಂತಿದೆ.

ಮಹೇಶ ಆಟೋ ತಂದಿದ್ದ. ಊರುಗೋಲು, ಐದು ನೋಟ್‌ಬುಕ್, ಒಂದು ಹಾರ ತಗೊಂಡು ಮುಜಫರ್ ಮನೆಗೆ ಹೋದ್ವಿ. ಮಾರ್ಕೆಟ್ ಹಿಂದೆ ಸಣ್ಣ ಮನೆ, ಮುಂದೆ ಶೀಟ್ ಹೊದಿಸಿದ ಶೆಡ್ಡು, ಅದರ ತುಂಬ ಕುರ್ಚಿ ಕಾಲುಗಳು. ಅವರು ಒಂದು ಮಂಚದ ತಲೆಹಲಗೆಗೆ ಬಟ್ಟೆಯಲ್ಲಿ ಪಾಲಿಶ್ ತಿಕ್ಕುತಿದ್ದರು. ಕೂದಲು ಗಿಡ್ಡ ಆಗಿದೆ. ಉಗುರೆಲ್ಲ ಕೆಂಚಗೆ. ಜೀನತುನ್ನೀಸಾ ಕುರ್ಚಿ ಹಾಕಿ, ನನ್ನ ಕಾಲಿಡೋಕೆ ಇನ್ನೊಂದು ಕುರ್ಚಿ ಹಾಕಿದರು.

ಹಾರ ಬೇಡ ಅಂದರು. ನೋಟ್‌ಬುಕ್ ತೆರೆದು ನೋಡಿದರು. ಹೆಸರುಗಳ ಮೇಲೆ ಬೆರಳಾಡಿಸ್ತಾ ಹೋದರು. ಆಮೇಲೆ ಮೊದಲನೇ ಪುಟಕ್ಕೆ ಬಂದು, ಹಾಡಿನ ಪಟ್ಟಿ ನೋಡಿ ಅಲ್ಲೇ ನಿಂತರು.

"ಎಂಟನೇದು ಎಲ್ಲಿ?"

"ಯಾವ ಎಂಟನೇದು ಸಾರ್?"

"ಆಲ್ಬಂನಲ್ಲಿ ಎಂಟು ಹಾಡು ಕಣಪ್ಪ. ನೀವು ಏಳು ಬರ್ದಿದ್ದೀರಿ."

ಮಹೇಶ ನಕ್ಕ. ಅವರು ತಮಾಷೆ ಮಾಡ್ತಿದಾರೆ ಅಂದ್ಕೊಂಡ. ನಾನು ಜೋರಾಗೇ ಹೇಳಿದೆ, "ಕೊನೇದು 'ಸೇತುವೆ ಕೆಳಗೆ' ಅಲ್ವಾ ಸಾರ್? 'ನೀರಿಗೂ ಒಂದು' ಅಂತ ಹಾಡ್ತಾ ಹಾಡ್ತಾ ಗಕ್ಕನೆ ನಿಲ್ಲುತ್ತಲ್ಲ, ಅದೇ ಅಲ್ವಾ ಎಂಡಿಂಗು?"

ಅವರು ನನ್ನ ಮುಖ ನೋಡಿದರು. "ಯಾಕಪ್ಪಾ ನಿಲ್ಲುತ್ತೆ? 'ನೀರಿಗೂ ಒಂದು ಮನೆ ಉಂಟು' ಅಂತ ಇನ್ನೂ ಎರಡು ಚರಣ ಐತೆ. ಅದಾದ ಮೇಲೆ ಎಂಟನೇ ಹಾಡು."

ಪುಸ್ತಕ ಮುಚ್ಚಿದರು. "ಸಾವಿರದ ನಾನೂರು ಜನ ಪೂರ್ತಿ ಆಲ್ಬಂ ಹಾಡು ಅಂತ ಬರ್ದವ್ರೆ. ನಿಮ್ಮಲ್ಲಿ ಒಬ್ರೂ ಆಲ್ಬಂ ಪೂರ್ತಿ ಕೇಳಿಲ್ವಲ್ಲ."

ಆ 'ಗಕ್ಕನೆ ನಿಲ್ಲೋ' ಎಂಡಿಂಗ್ ಬಗ್ಗೆ ನಾನು ಹೋದ ವರ್ಷ ಕೆ.ಆರ್. ನಗರದಲ್ಲಿ ಅರ್ಧ ಗಂಟೆ ಭಾಷಣ ಮಾಡಿದ್ದೀನಿ. 'ಬದುಕೂ ಹಾಗೇ, ಮಾತಿನ ಮಧ್ಯೆ ನಿಂತುಹೋಗುತ್ತೆ' ಅಂದಿದ್ದೆ. ಚಪ್ಪಾಳೆ ಬಿದ್ದಿತ್ತು.

ನವೆಂಬರ್ 3

ಶಂಶುದ್ದೀನ್ ಅಂಗಡಿಗೆ ಹೋದೆ. ಈಗ ಮೊಬೈಲ್ ರಿಪೇರಿ ಅಂಗಡಿ, ಆಗ ಕ್ಯಾಸೆಟ್ ಅಂಗಡಿ. ನಮಗೆಲ್ಲ 'ಕರೆಂಟ್ ಬಂತು' ಸಿಕ್ಕಿದ್ದು ಅಲ್ಲೇ. ಒರಿಜಿನಲ್ ನಮ್ಮ ಬಳಗದಲ್ಲಿ ಯಾರೂ ನೋಡಿಲ್ಲ. ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಮೇಲೆ ಪೆನ್ನಲ್ಲಿ 'ಕರೆಂಟ್' ಅಂತ ಬರೆದು ಕೊಡ್ತಿದ್ದರು. ಯೂಟ್ಯೂಬಿಗೆ ಹಾಕಿದೋನೂ ಅದರಿಂದಲೇ ಹಾಕಿರೋದು.

"ಶಂಶಣ್ಣ, ಎಂಟನೇ ಹಾಡು ಏನ್ ಮಾಡಿದ್ರಿ?"

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒರಿಜಿನಲ್ಲು ಅರವತ್ತು ನಿಮಿಷದ್ದು ಕಣಪ್ಪ. ನಮ್ಗೆ ಬತ್ತಿದ್ದ ಖಾಲಿ ಕ್ಯಾಸೆಟ್ಟು ನಲವತ್ತೈದು ನಿಮಿಷದ್ದು. ಎ ಸೈಡಲ್ಲಿ ಹಾಡು ಕಮ್ಮಿ, ಹೆಂಗೋ ಹಿಡೀತು. ಬಿ ಸೈಡು ಹಿಡೀಲಿಲ್ಲ. ಟೇಪು ಮುಗೀತು, ಬುಟ್ಬುಟ್ಟೆ. ಯಾರೂ ವಾಪಸ್ ಬಂದು ಕೇಳ್ಲಿಲ್ಲ ನೋಡು."

ನಿಜ. ಯಾರೂ ಕೇಳಲಿಲ್ಲ. ನಾಲ್ಕು ತಾಲೂಕು ಸೇರಿ ಮೂವತ್ತೊಂದು ವರ್ಷ ಕೇಳಲಿಲ್ಲ. ಗ್ರೂಪಿಗೆ ಹಾಕಿದ್ದೇ ತಡ, ಅರ್ಧ ಜನ ನಗ್ತಾರೆ, ಅರ್ಧ ಜನ ಅಳ್ತಾರೆ. ಎಲ್ಲರೂ ಕೇಳೋದು ಒಂದೇ: ಎಂಟನೇ ಹಾಡು ಹೆಂಗಿರುತ್ತೆ? ನಂಗೂ ಊಟ ಸೇರ್ತಿಲ್ಲ. ಹದಿನಾಲ್ಕನೇ ವಯಸ್ಸಲ್ಲಿ ಕ್ಯಾಸೆಟ್ಟಿಗೆ ಕಾದ ಹಾಗೆ ಕಾಯ್ತಿದೀನಿ. ಮುಜಫರ್ ಅವರ ಹೊಸ ಹಾಡು ಬಂದ ಹಾಗೇ ಅಲ್ವಾ ಇದು.

ನವೆಂಬರ್ 8

ಒಬ್ಬನೇ ಹೋಗಿದ್ದೆ. ಏಳಾದ್ರೂ ಹಾಡಿ ಸಾರ್ ಅಂದೆ. "ಏಳು ಹಾಡಿದ್ರೆ ಅದು ಆಲ್ಬಂ ಅಲ್ಲ" ಅಂದರು. ಹಂಗಾದ್ರೆ ಎಂಟೂ ಹಾಡಿ ಅಂದೆ. ಪಾಲಿಶ್ ಬಟ್ಟೆ ಬಿಸಾಕಿ ಒಳಗೆ ಹೋದರು.

ಗೇಟಿನ ತನಕ ಜೀನತಮ್ಮ ಬಂದರು. ತಲೆ ಮೇಲೆ ಸೆರಗು ಸರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು. "ಬೇಜಾರ್ ಮಾಡ್ಕಬೇಡಪ್ಪ. ಅವ್ರಿಗೆ ಆ ಹಾಡು ಮರ್ತೋಗೈತೆ. ಮೊದಲನೇ ಸಾಲು ಬತ್ತದೆ, ಮುಂದಕ್ಕಿಲ್ಲ. ನಿಮ್ಮ ಬುಕ್ಕು ಬಂದಾಗಿಂದ ದಿನಾ ಕುಂತು ನೆನೆಸ್ಕತಾರೆ. ಬೈತಾರೆ, ಎದ್ದೋಗ್ತಾರೆ."

"ನಿಮ್ಗೆ ಗೊತ್ತಿಲ್ವಾ ಅಮ್ಮ ಆ ಹಾಡು?"

"ನಾನೆಲ್ಲಿ ಕೇಳಿದೀನಿ. ಒಂದ್ ದಿನಾನೂ ಅವ್ರ ಪ್ರೋಗ್ರಾಮಿಗೆ ಹೋಗಿಲ್ಲ. ಮಕ್ಳು, ಮನೆ, ಅಷ್ಟ್ರಲ್ಲೇ ಆಗೋಯ್ತು."

ಅವರ ಹತ್ರ ಒಂದು ಕ್ಯಾಸೆಟ್ಟೂ ಉಳಿದಿಲ್ಲವಂತೆ. ಮಾಡಿಸಿದ್ದು ಐನೂರು, ಕೇಳಿದೋರಿಗೆಲ್ಲ ಕೊಟ್ಟು ಖಾಲಿ. ಮನೆಗೆ ಬಂದಾಗ ಗ್ರೂಪಲ್ಲಿ 'ಏನಾಯ್ತು ಏನಾಯ್ತು' ಅಂತ ಎಂಬತ್ತು ಮೆಸೇಜು. ಟೈಪ್ ಮಾಡಿದೆ, ಅಳಿಸಿದೆ. ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡ ಹಾಗಾಯ್ತು. 'ಯೋಚನೆ ಮಾಡ್ತಿದಾರೆ' ಅಂತಷ್ಟೇ ಹಾಕಿದೆ.

ನವೆಂಬರ್ 10

ಬಸ್ಸುಗಳಿಗೆ ಮತ್ತೆ ನೋಟ್‌ಬುಕ್ ಹತ್ತಿಸಿದೆ. ಈ ಸಲ ಒಂದೇ ಸಾಲು: 'ಕರೆಂಟ್ ಬಂತು ಒರಿಜಿನಲ್ ಕ್ಯಾಸೆಟ್ ಇದ್ದೋರು ತಿಳಿಸಿ.' ಬೆಳಗ್ಗೆ ಪ್ಲಾಸ್ಟರ್ ತೆಗೆದರು.

ನವೆಂಬರ್ 15

ಸಿಕ್ತು.

ಬೆಟ್ಟದಪುರದ ಚಿಕ್ಕಮಾದಮ್ಮ. ನಾನು ಬಿದ್ದ ಸ್ಟಾಪಿಂದ ನಾಲ್ಕನೇ ಮನೆ. ತಂಬಾಕು ಎಲೆ ಗ್ರೇಡಿಂಗ್ ಕೆಲಸಕ್ಕೆ ಹೋಗ್ತಿದ್ದೋರು, ಈಗ ಎಪ್ಪತ್ತರ ಹತ್ರ. ಶೆಡ್ಡಲ್ಲಿ ಎಲೆ ಬಿಡಿಸ್ತಾ ಕೇಳೋಕೆ ಅಂತ 94ರಲ್ಲೇ ತಗೊಂಡಿದ್ದರಂತೆ. ಟೇಪ್‌ರೆಕಾರ್ಡರ್ ಕೂಡ ಓಡುತ್ತಂತೆ. ಆದರೆ ಕ್ಯಾಸೆಟ್ ಯಾರ ಕೈಗೂ ಕೊಡಲ್ಲವಂತೆ. "ಒಂದ್ಸಲ ಕೊಟ್ಟದ್ದು ಯಾವ್ದೂ ವಾಪಸ್ ಬಂದಿಲ್ಲ ಕಣಪ್ಪ. ಬೇಕಾದ್ರೆ ಇಲ್ಲೇ ಬಂದು ಕೇಳಿ" ಅಂದರು ಫೋನಲ್ಲಿ.

ಕುಂಟ್ಕೊಂಡೇ ಹೋಗಿ ಮುಜಫರ್ ಭಾಯ್‌ಗೆ ಹೇಳಿದೆ. ಪಾಲಿಶ್ ಡಬ್ಬಿ ಮುಚ್ಚಳ ಹಾಕೋದೇ ಮರೆತರು.

ನವೆಂಬರ್ 18

ಬಸ್ಸಲ್ಲೇ ಹೋದ್ವಿ, ನಾನೂ ಭಾಯ್ ಇಬ್ಬರೇ. ಕಂಡಕ್ಟರ್ ಪಕ್ಕದ ಸೀಟಲ್ಲಿ ಕೂರಿಸಿದೆ. ಯಾರಿಗೂ ಗುರುತು ಸಿಗಲಿಲ್ಲ, ಅದೂ ಅವರಿಗೆ ಖುಷಿಯಾಗೇ ಇತ್ತು.

ಚಿಕ್ಕಮಾದಮ್ಮ ಜಗುಲಿ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ಮಲ್ಲಿಗೆ ಮೊಗ್ಗು ಕಟ್ಟುತಾ ಕೂತಿದ್ದರು. ಭಾಯ್ ಮುಖ ನೋಡಿ, "ನೀವೇನಾ? ವಸಿ ಬಡವಾಗಿದ್ದೀರಿ" ಅಂದರು. ಬಿ ಸೈಡ್ ಹಾಕಿ ಮುಂದಕ್ಕೆ ಓಡಿಸಿದರು. 'ನೀರಿಗೂ ಒಂದು ಮನೆ ಉಂಟು' ಕೇಳಿಸ್ತು. ನಂಗೆ ಗೊತ್ತಿದ್ದ ಹಾಡು ಗೊತ್ತಿಲ್ಲದ ಕಡೆ ಹೊರಟಿತ್ತು.

ಆಮೇಲೆ ಎಂಟನೇದು. ಡ್ರಮ್ಸ್ ಇಲ್ಲ, ಗಲಾಟೆ ಇಲ್ಲ, ಒಂದೇ ಗಿಟಾರ್, ಮೂವತ್ತೈದರ ಮುಜಫರ್ ದನಿ.

'ಕೊನೇತನಕ ಕುಂತೋರೇ, ನಿಮ್ಮೂರು ಯಾವುದು?
ದೀಪ ಆರಿಸೋ ಮುಂಚೆ ಹೇಳಿ, ನಿಮ್ಮೂರು ಯಾವುದು?'

ಬ್ಯಾಂಡಿನ ಹುಡುಗರು ಒಬ್ಬೊಬ್ಬರೇ ಹೇಳ್ತಾರೆ: ಚಿಲ್ಕುಂದ, ಮಿರ್ಲೆ, ಸರಗೂರು. ಪ್ರತಿ ಊರಿಗೂ ಭಾಯ್ ಒಂದೊಂದು ಸಾಲು ಹಾಡ್ತಾರೆ. ಆಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ಗಿಟಾರ್, ಉತ್ತರ ಇಲ್ಲ. ಬರೀ ಗಿಟಾರ್ ತುಂಬ ಹೊತ್ತು.

ಭಾಯ್ ಕಣ್ಣಲ್ಲಿ ನೀರು. ಒರೆಸಿಕೊಳ್ಳಲಿಲ್ಲ. "ಆ ಜಾಗ ಜನಕ್ಕೆ ಅಂತ ಬುಟ್ಟಿದ್ದು ಕಣೋ ಶಿವ. ಪ್ರೋಗ್ರಾಂ ಕೊನೇಲಿ ಎಲ್ಲಾ ಎದ್ದೋಗ್ತಾರಲ್ಲ, ಕುಂತಿರೋರ್ನ ಮಾತಾಡಿಸೋಣ ಅಂತ. ಎರಡು ಕಡೆ ಹಾಡಿ ನೋಡ್ದೆ ಆಗ. ನಿಮ್ಮೂರು ಯಾವುದು ಅಂದ್ರೆ ಒಬ್ರೂ ಬಾಯಿ ಬುಡ್ಲಿಲ್ಲ. ನಗಾಡಿದ್ರು. ನಿಂತಿದ್ದೆ ನಿಂತಿದ್ದೆ, ಇಳಿದ್ಬುಟ್ಟೆ. ಆವತ್ತಿಂದ ಆ ಹಾಡು ಮುಟ್ಲಿಲ್ಲ, ಅದ್ಕೇ ಮರ್ತೋಯ್ತು."

"ಈ ಸಲ ನಾನಿದೀನಿ ಭಾಯ್. ಗ್ರೂಪಲ್ಲಿ ಹೇಳಿ ಸಾವಿರ ಜನದ ಕೈಲಿ ಹೇಳಿಸ್ತೀನಿ."

"ಬ್ಯಾಡ. ಹೇಳ್ಕೊಟ್ಟು ಹೇಳಿಸೋದಾದ್ರೆ ಹಾಡೋದೇ ಬ್ಯಾಡ. ನೀನೂ ಬಾಯಿ ಬುಡಬಾರ್ದು. ಚಿಕ್ಕಮಾದಮ್ಮೋರೂ ಅಷ್ಟೇ." ಆಯಮ್ಮ ಹೂವಿನ ದಾರ ಹಲ್ಲಲ್ಲಿ ಕಚ್ಚಿ ತಲೆ ಆಡಿಸಿದರು.

ಹಾಡ್ತೀನಿ ಅಂತ ಒಪ್ಪಿದರು. ಎಂಟೂ ಹಾಡು. ಸಾಲಾಗಿ. ನಾನು ಕುಣಿಯೋದೊಂದು ಬಾಕಿ.

ನವೆಂಬರ್ 26

ಮೈಸೂರಿಂದ ಡ್ರಮ್ಸ್, ಬೇಸ್, ಕೀಬೋರ್ಡ್ ಹುಡುಗರು ಬಂದಿದಾರೆ. ಶೆಡ್ಡಲ್ಲಿ ಮಂಚ ಕುರ್ಚಿ ಸರಿಸಿ ಪ್ರಾಕ್ಟೀಸು, ಎಂಟನೇದೊಂದು ಬಿಟ್ಟು. ದಿನಾ ಹೋಗ್ತೀನಿ, ಟೀ ತರ್ತೀನಿ, ವೈರ್ ಸುತ್ತುತೀನಿ. ಬೀದಿ ಮಕ್ಕಳೆಲ್ಲ ಗೇಟಿಗೆ ನೇತಾಡ್ತಾರೆ. ಗ್ರೂಪಲ್ಲಿ ಎಲ್ಲ ಕೇಳ್ತಾರೆ ಎಂಟನೇದು ಹೆಂಗಿದೆ ಅಂತ. ಹೇಳಲ್ಲ ಅಂದೆ. "ನೀವಾ ಹೇಳದೇ ಇರೋದು?" ಅಂತ ಶಾಂತಲಾ ಹಣೆ ಮುಟ್ಟಿ ಜ್ವರ ನೋಡಿದಳು.

ಆದರೆ ಭಯ ಇದೆ. ಈ ಸಲವೂ ಯಾರೂ ಬಾಯಿ ಬಿಡದಿದ್ರೆ? ಅರವತ್ತಾರನೇ ವಯಸ್ಸಲ್ಲಿ, ಅಷ್ಟು ಜನದ ಮುಂದೆ, ಒಬ್ಬರೇ ಗಿಟಾರ್ ಹಿಡ್ಕೊಂಡು ನಿಲ್ಲಬೇಕಾಗುತ್ತೆ. ನಾನು ಮಾಡಿದ ಗಲಾಟೆಯಿಂದಲೇ ತಾನೇ ಅವರು ಹತ್ತುತಿರೋದು. ಆ ಪುಸ್ತಕದಲ್ಲಿ ಪೂರ್ತಿ ಆಲ್ಬಂ ಹಾಡಿ ಅಂತ ಬರೆಯುವಾಗ ಅವರಿಗೆ ಏನಾಗುತ್ತೆ ಅಂತ ಒಂದ್ಸಲಾನೂ ಯೋಚಿಸಿರಲಿಲ್ಲ.

ಡಿಸೆಂಬರ್ 1, ಸೋಮವಾರ

ನಿನ್ನೆದು ಇವತ್ತು ಬರೀತಿದೀನಿ. ದನಿ ಬಿದ್ದುಹೋಗಿದೆ, ಬರೆಯೋದೊಂದೇ ದಾರಿ.

ಸಂಜೆ ಐದಕ್ಕೆ ಶುರು ಅಂದಿದ್ದು, ಮೂರಕ್ಕೇ ಮೈದಾನ ತುಂಬಿತು. ಪಿರಿಯಾಪಟ್ಟಣದಲ್ಲಿ ಅಷ್ಟು ಜನ ನಾನು ನೋಡಿಲ್ಲ. ಎಚ್.ಡಿ. ಕೋಟೆಯಿಂದ, ಸಾಲಿಗ್ರಾಮದಿಂದ, ರಾವಂದೂರಿಂದ ಟೆಂಪೋ ಮಾಡ್ಕೊಂಡು ಬಂದಿದ್ದರು. ಡಿಪೋದೋರು ಯೂನಿಫಾರ್ಮಲ್ಲೇ ಹಾಜರು. ಚಿಕ್ಕಮಾದಮ್ಮ ಮುಂದಿನ ಸಾಲು. ಶಾಂತಲಾ ಹೆಂಗಸರ ಕಡೆ ಕೂತಿದ್ದಳು, ಪಕ್ಕದಲ್ಲಿ ಜೀನತಮ್ಮ. ಹಠ ಮಾಡಿ ಎಳ್ಕೊಂಡು ಬಂದಿದ್ದಳಂತೆ. "ನಂಗ್ಯಾಕಮ್ಮ ಇದೆಲ್ಲಾ" ಅಂತಿದ್ದೋರಿಗೆ ಬುರ್ಖಾ ತಾನೇ ತಂದುಕೊಟ್ಟಳಂತೆ.

ಭಾಯ್ ಬಿಳಿ ಶರ್ಟಲ್ಲಿ ಬಂದರು. ಮೊದಲನೇ ಹಾಡಿನ ಮೊದಲನೇ ಸದ್ದಿಗೇ ಮೈದಾನ ಎದ್ದು ನಿಂತಿತು. ಅವರು ಹಾಡೋಕೆ ನಾವು ಬಿಟ್ಟರೆ ತಾನೇ. ಎರಡನೇದು, ಮೂರನೇದು, ನಾಲ್ಕನೇದು, ಒಂದಕ್ಷರ ತಪ್ಪದೆ ನಾವೇ ಹಾಡಿದ್ವಿ. ನಾನು ಕುರ್ಚಿ ಮೇಲೆ ಹತ್ತಿದ್ದೆ, ಪೊಲೀಸರು ಇಳಿಸಿದರು, ಮತ್ತೆ ಹತ್ತಿದೆ. ಏಳನೇದು ಬಂತು. 'ನೀರಿಗೂ ಒಂದು' ಅನ್ನೋತನಕ ಎಲ್ಲರೂ ಜೊತೆಗೇ ಬಂದು ಗಕ್ಕನೆ ನಿಂತರು. ಅವರೊಬ್ಬರೇ ಮುಂದಕ್ಕೆ ಹೋದರು. ಜನ ಬಾಯಿ ಬಿಟ್ಕೊಂಡು ಕೇಳಿದರು.

ಎಂಟನೇದಕ್ಕೆ ಬ್ಯಾಂಡಿನ ಹುಡುಗರು ಪಕ್ಕಕ್ಕೆ ಸರಿದರು. ಕ್ಯಾಸೆಟ್ಟಲ್ಲಿ ಬಂದ ಹಾಗೆ ಅವರಿಂದಲೂ ಊರ ಹೆಸರು ಹೇಳಿಸಬೇಡಿ ಅಂದಿದ್ದರು ಭಾಯ್.

'ಕೊನೇತನಕ ಕುಂತೋರೇ, ನಿಮ್ಮೂರು ಯಾವುದು?'

ಸದ್ದಿಲ್ಲ. ಗೊತ್ತಿರೋ ಹಾಡಿಗೆ ಗಂಟಲು ಹರ್ಕೊಂಡ ಜನ ಗೊತ್ತಿಲ್ಲದ ಹಾಡಿಗೆ ಮೊಬೈಲ್ ಎತ್ತಿ ರೆಕಾರ್ಡ್ ಮಾಡ್ತಿದ್ದರು. ಅವರು ಗಿಟಾರ್ ಮೀಟ್ತಾ ಕಾದರು.

'ದೀಪ ಆರಿಸೋ ಮುಂಚೆ ಹೇಳಿ, ನಿಮ್ಮೂರು ಯಾವುದು?'

ಯಾರೋ ಹಿಂದೆ ನಕ್ಕರು. ನನ್ನ ನಾಲಿಗೆ ತುದಿಯಲ್ಲಿ ಹುಣಸೂರಿಂದ ಬೆಟ್ಟದಪುರದ ತನಕ ಎಲ್ಲಾ ಸ್ಟಾಪೂ ಬಂದು ನಿಂತಿದ್ವು. ದಿನಕ್ಕೆ ಆರು ಟ್ರಿಪ್ ಊರ ಹೆಸರು ಕೂಗಿ ಬದುಕಿದೋನು ನಾನು. ಮಾತು ಕೊಟ್ಟಿದ್ದೆ, ತುಟಿ ಕಚ್ಚಿಕೊಂಡೆ. ಚಿಕ್ಕಮಾದಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಭಾಯ್ ತಲೆ ಬಗ್ಗಿಸಿ ಗಿಟಾರ್ ನೋಡ್ತಿದ್ದರು. ಕೈ ನಿಧಾನ ಆಗ್ತಾ ಬಂತು. ಇಳಿದುಬಿಡ್ತಾರೆ ಅನ್ನಿಸ್ತು. ಮೂರನೇ ಸಲ ಕೇಳಿದರು, ಹಾಡಿನ ಹಾಗಲ್ಲ, ಮಾತಿನ ಹಾಗೆ.

"ನಿಮ್ಮೂರು ಯಾವುದು?"

"ಕೆ.ಆರ್. ನಗರ."

ಹೆಂಗಸರ ಕಡೆಯಿಂದ. ದೊಡ್ಡ ದನಿಯೇನಲ್ಲ. ಭಾಯ್ ತಲೆ ಎತ್ತಿದರು. ಎತ್ತಿದೋರು ಹಾಗೇ ನೋಡ್ತಾ ನಿಂತರು. ಗಿಟಾರ್ ಪೂರ್ತಿ ನಿಂತೇ ಹೋಯ್ತು. ಆಮೇಲೆ ಕೆ.ಆರ್. ನಗರಕ್ಕೆ ಒಂದು ಸಾಲು ಕಟ್ಟಿ ಹಾಡಿದರು, ದನಿ ಒಡೀತು, ಆದರೂ ಹಾಡಿದರು. ಅದು ಮುಗಿಯೋ ಮುಂಚೆ ಯಾರೋ "ಕಂಪಲಾಪುರ" ಅಂದ. "ಹಂಪಾಪುರ." "ಭೇರ್ಯ." "ರತ್ನಾಪುರಿ." "ಅಂತರಸಂತೆ ಕಣಣ್ಣೋ." ಆಮೇಲೆ ಎಣಿಸೋಕಾಗಲಿಲ್ಲ. ಇಪ್ಪತ್ತೈದು ನಿಮಿಷ ನಡೀತು ಆ ಹಾಡು. ಕೇಳಿದ ಊರಿಗೆಲ್ಲ ಒಂದೊಂದು ಸಾಲು ಕೊಟ್ಟರು ಭಾಯ್. ಕೊನೆಗೆ ನನ್ನ ಕಡೆ ನೋಡಿ ಗದ್ದ ಎತ್ತಿದರು, ಈಗ ಹೇಳು ಅನ್ನೋ ಹಾಗೆ. ನಾನು ಇಡೀ ರೂಟು ಕೂಗಿದೆ.

ವಾಪಸ್ ಬರುವಾಗ ವ್ಯಾನಲ್ಲಿ ಭಾಯ್ ಮುಂದಿನ ಸೀಟಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಾವು ಮೂವರು ಹಿಂದೆ. ಯಾರಿಗೂ ಸುಸ್ತಿಲ್ಲ, ಎಲ್ಲ ಒಟ್ಟಿಗೇ ಮಾತಾಡ್ತಿದ್ವಿ. ಶಾಂತಲಾ ಕೇಳಿದಳು, "ಅಷ್ಟು ಜನದಲ್ಲಿ ನಿಮಗೊಬ್ಬರಿಗೇ ಹೇಳ್ಬೇಕು ಅಂತ ಹೆಂಗೆ ಹೊಳೀತು ಅಮ್ಮ?"

"ಹೊಳಿಯೋದೇನಮ್ಮ. ಕೇಳಿದ್ರು, ಹೇಳ್ದೆ" ಅಂದರು ಜೀನತಮ್ಮ. "ಮದುವೆ ಮಾತಾಡುವಾಗ ನಿಮ್ಮೂರು ಯಾವುದು ಅಂತ ಕೇಳಿದ್ದು ಅವ್ರಪ್ಪ. ಅವ್ರು ನನ್ನ ಕೇಳಿದ್ದು ಇವತ್ತೇ."